ಅರಶಿನ ಹಾಕಿದ ರೇಡಿಯೇಟರ್

ಹಳೆಯ ಲಾರಿ ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವ ಮಾತು ಇಷ್ಟೇ: ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ನೆಲ ನೋಡಿ. ಹಿಂದಿನ ಸಂಜೆಯೇ ಒಂದು ರಟ್ಟಿನ ಪೆಟ್ಟಿಗೆ ಬಿಡಿಸಿ ಅಡಿಗೆ ಹಾಸಿಟ್ಟರೆ ಇನ್ನೂ ಒಳ್ಳೆಯದು. ಆಯಿಲಿನ ಕಲೆ ಕಪ್ಪಗೆ ಜಿಡ್ಡಾಗಿರುತ್ತದೆ. ಡೀಸೆಲ್ ಹರಡಿಕೊಂಡು ವಾಸನೆ ಹೊಡೆಯುತ್ತದೆ. ರೇಡಿಯೇಟರಿನ ನೀರು ಮಾತ್ರ ಸದ್ದಿಲ್ಲದೆ ಬಿದ್ದು ಒಣಗಿ, ಅಂಚಿನಲ್ಲೊಂದು ಗೆರೆ ಬಿಟ್ಟು ಹೋಗುತ್ತದೆ. ನಮ್ಮ ಲಾರಿಯದ್ದು ಹಳದಿ ಗೆರೆ. ನನ್ನ ಅಡುಗೆಮನೆಯ ಅರಶಿನದ್ದು.

ನಾನು ಬೀಡಿ ಕಟ್ಟಿ ಮೇಲೆ ಬಂದವಳು. ಬೀಡಿ ಲೆಕ್ಕ ಮಾಡಿ ತಗೊಳ್ಳುವ ಬ್ರಾಂಚಿನಲ್ಲಿ ನನ್ನ ಕಟ್ಟು ಬಿಡಿಸಿ, ಇದು ಸಡಿಲ, ಇದು ಗಿಡ್ಡ ಎಂದು ಬದಿಗೆ ಎಸೆಯುತ್ತಿದ್ದವರ ಜತೆ ವಾದ ಮಾಡಿ ಮಾಡಿಯೇ ವ್ಯಾಪಾರ ಕಲಿತದ್ದು. ಆಮೇಲೆ ಕೆಂಪು ಕಲ್ಲಿನ ವ್ಯವಹಾರಕ್ಕೆ ಇಳಿದೆ. ಮೂಡುಬಿದಿರೆ ಕಡೆಯ ಕೋರೆಯಿಂದ ಕಲ್ಲು ಎತ್ತಿ ಬೆಳ್ತಂಗಡಿ, ಕೊಕ್ಕಡ, ನೆರಿಯದವರೆಗೂ ಮನೆ ಕಟ್ಟುವವರಿಗೆ ಇಳಿಸುವುದು. ಲಾರಿ ನಾನು ಕೊಳ್ಳುವಾಗಲೇ ಹಳೆಯದು. ಕೋರೆಗೆ ನಾನೂ ಹೋಗುತ್ತೇನೆ. ಹೋಗದಿದ್ದರೆ ಅವರು ಒಳ್ಳೆಯ ಕಲ್ಲಿನ ನಡುವೆ ಮೆತ್ತಗಿನದನ್ನು ಸೇರಿಸಿ ಬಿಡುತ್ತಾರೆ. ಉಗುರಿನಲ್ಲಿ ಗೀರಿ ನೋಡಬೇಕು. ಪುಡಿ ಉದುರಿದರೆ ಆ ಕಲ್ಲು ಬೇಡ.

ಲಾರಿ ಓಡಿಸುತ್ತಿದ್ದವನು ಗುರುವಾಯನಕೆರೆಯಲ್ಲಿ ನನ್ನ ಮನೆಯ ಹತ್ತಿರವೇ ಇರುವ ಒಬ್ಬ ಬ್ಯಾರಿ. ನನಗಿಂತ ಸ್ವಲ್ಪ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಪ್ರಾಯದಲ್ಲಿ ಗಲ್ಫಿಗೆ ಹೋಗಿ, ಅಲ್ಲಿಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬಂದು, ಇನ್ನು ಆ ಕಡೆ ತಲೆ ಹಾಕಿ ಮಲಗುವುದೂ ಇಲ್ಲ ಎಂದು ವಾಪಸು ಬಂದವನು. ಈಗಿನ ಡ್ರೈವರುಗಳು ಹಳೆಯ ಗಾಡಿಯ ಸ್ಟೇರಿಂಗ್ ಮುಟ್ಟಿ ನೋಡಿ ಸುಮ್ಮನೆ ಹೊರಟುಹೋಗುತ್ತಾರೆ. ಇವನು ಹಾಗಲ್ಲ. ಗಾಡಿ ಯಾವಾಗ ಬಿಸಿಯಾಗುತ್ತದೆ ಎಂದು ಅವನಿಗೆ ಮೀಟರಿನ ಮುಳ್ಳಿಗಿಂತ ಮೊದಲು ಗೊತ್ತಾಗುತ್ತಿತ್ತು.

ಕೂಲೆಂಟ್ ಎಂದು ಹಸಿರು ಬಣ್ಣದ ನೀರು ಡಬ್ಬಿಯಲ್ಲಿ ಸಿಗುತ್ತದೆ. ನಮ್ಮ ಕಡೆಯ ಹಳೆಯ ಲಾರಿಗಳಲ್ಲಿ ಅದನ್ನು ಹಾಕಿದವರನ್ನು ನಾನು ನೋಡಿಲ್ಲ. ಕೋರೆಯ ಹೊಂಡದಲ್ಲಿ ಬೇಕಾದಷ್ಟು ನೀರಿರುವಾಗ ಡಬ್ಬಿ ಯಾರು ಕೊಳ್ಳುತ್ತಾರೆ? ಆ ನೀರು ಕೆಂಪಗಿರುತ್ತದೆ, ಪಾತ್ರೆಯಲ್ಲಿಟ್ಟರೆ ಅಡಿಯಲ್ಲಿ ಮಣ್ಣು ಕೂರುತ್ತದೆ. ನಾವು ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದೆವು. ಸೋಸಿದರೂ ಕೆಂಪೇ. ಎಲ್ಲಿಯಾದರೂ ಸಣ್ಣಗೆ ಸೋರಲು ಸುರುವಾದರೆ ಒಂದು ಹಿಡಿ ಅರಶಿನ ಪುಡಿ. ಬಿಸಿ ನೀರಿನಲ್ಲಿ ಅದು ಉಬ್ಬಿ, ತೂತಿದ್ದ ಕಡೆ ಹೋಗಿ ಕೂರುತ್ತದೆ. ಇದು ಇಲ್ಲಿಯ ಎಲ್ಲ ಡ್ರೈವರುಗಳಿಗೂ ಗೊತ್ತು. ಅದಕ್ಕೂ ನಿಲ್ಲದಿದ್ದಾಗ ನಾನು ಬೀಡಿಯ ಹೊಗೆಸೊಪ್ಪಿನ ದೂಳನ್ನೂ ಸೇರಿಸಿದ್ದುಂಟು. ಮೊರದಲ್ಲಿ ಉಳಿಯುವ ಆ ದೂಳು ಮತ್ತೆ ಯಾವುದಕ್ಕೂ ಆಗುವುದಿಲ್ಲ. ಅದು ಅರಶಿನಕ್ಕಿಂತ ಗಟ್ಟಿ ಹಿಡಿಯಿತು.

"ಅಕ್ಕ, ಇದು ರೇಡಿಯೇಟರಾ, ಸಾರಿನ ಪಾತ್ರೆಯಾ?" ಎಂದು ಗುರುವಾಯನಕೆರೆಯ ಗ್ಯಾರೇಜಿನ ಮೇಸ್ತ್ರಿ ಮುಚ್ಚಳ ತೆಗೆದಾಗಲೆಲ್ಲ ಕೇಳುತ್ತಿದ್ದ. "ಒಗ್ಗರಣೆ ಮಾತ್ರ ಬಾಕಿ."

"ನೀನು ಬಿಚ್ಚಿದ್ದಕ್ಕೆ ತಗೊಳ್ಳುವ ದುಡ್ಡಿಗಿಂತ ಅರಶಿನ ಕಡಿಮೆಗೆ ಸಿಗ್ತದೆ ಮಾರಾಯ" ಎನ್ನುತ್ತಿದ್ದೆ ನಾನು. ಹಾಗೆ ಕೆಲವು ವರ್ಷ ನಡೆಯಿತು. ನಿಜವಾಗಿಯೂ ನಡೆಯಿತು. ಇದನ್ನು ಓದಿ ಯಾರೂ ನಗಬೇಡಿ.

ಕಳೆದ ಮಳೆಗಾಲ ಮುಗಿದು ಕೋರೆ ತೆರೆದ ಮೇಲೆ ನೀರು ಕುಡಿಯುವುದು ಜಾಸ್ತಿಯಾಯಿತು. ಮೊದಲು ಮೂಡುಬಿದಿರೆಗೆ ಹೋಗಿ ಬರುವುದರಲ್ಲಿ ಒಮ್ಮೆ ನೀರು ಹಾಕಿದರೆ ಸಾಕಿತ್ತು. ಈಗ ವೇಣೂರು ದಾಟುವಾಗಲೇ ಮುಳ್ಳು ಏರುತ್ತಿತ್ತು. ಅರಶಿನ ಹಾಕಿದರೂ ಕೇಳಲಿಲ್ಲ. ಹಾಗಾಗಿ ಸೋರುವ ಜಾಗ ಹುಡುಕಲು ಕೂತೆವು.

ಹುಡುಕುವುದಕ್ಕೂ ಒಂದು ಕ್ರಮ ಉಂಟು. ಎಂಜಿನ್ ತಣ್ಣಗಿರುವಾಗ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರಸಬೇಕು. ಹೋಸ್ ಪೈಪುಗಳನ್ನು ಕೈಯಲ್ಲಿ ಹಿಚುಕಿ ನೋಡಬೇಕು; ಮೆತ್ತಗಾಗಿ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸುವುದು. ಆಮೇಲೆ ಸ್ಟಾರ್ಟ್ ಮಾಡಿ, ಬಿಸಿಯಾಗುತ್ತ ಬಂದಂತೆ ಎಲ್ಲಿ ಮೊದಲು ಬೆವರುತ್ತದೆ ಎಂದು ಕಾಯಬೇಕು. ಬಿಸಿ ಇರುವಾಗ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು. ನಮ್ಮ ಡ್ರೈವರನ ಮುಂಗೈಯಲ್ಲಿ ಹಾಗೆ ಕೈ ಹಾಕಿದ್ದರ ಗುರುತು ಮಣಿಕಟ್ಟಿನಿಂದ ಮೊಣಕೈವರೆಗೆ ಉಂಟು.

ಮೊದಲ ದಿನ ಕೆಳಗಿನ ಹೋಸಿನ ಕ್ಲಿಪ್ ಸಡಿಲಾಗಿದ್ದು ಸಿಕ್ಕಿತು. ಬಹಳ ಸಂತೋಷವಾಯಿತು. ಬಿಗಿ ಮಾಡಿದೆವು; ಮರುದಿನ ರಟ್ಟಿನ ಮೇಲೆ ಗೆರೆ ಪುನಃ ಇತ್ತು. ಎರಡನೆಯ ಸಲ ವಾಟರ್ ಪಂಪು. ಅದರ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹೋದರೆ ನೀರು ಅಲ್ಲಿಂದ ತೊಟ್ಟಿಕ್ಕಿ ಸುದ್ದಿ ಹೇಳಲಿ ಎಂದೇ ಅದನ್ನು ಕೊರೆದಿರುವುದು. ಎಷ್ಟೋ ಜನ ಆ ತೂತಿಗೆ ಅಂಟು ತುಂಬಿಸಿ ಗೆದ್ದೆವೆಂದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ನಾವು ಸೀಲು ಬದಲಿಸಿದೆವು. ಆದರೂ ಗೆರೆ ಇತ್ತು. ಈಗ ರೇಡಿಯೇಟರ್ ಇಳಿಸದೆ ದಾರಿ ಇರಲಿಲ್ಲ.

ಅದೇ ಹೊತ್ತಿಗೆ ಡ್ರೈವರ್ ಒಂದು ಮಾತು ಹೇಳಿದ. ಕೋರೆಯಲ್ಲಿ ಕಲ್ಲು ತುಂಬಿಸುತ್ತಿದ್ದರು, ನಾವಿಬ್ಬರೂ ಲಾರಿಯ ನೆರಳಿನಲ್ಲಿ ಕೂತಿದ್ದೆವು.

"ಭಾವ ಒಂದು ವೀಸಾ ಕಳಿಸ್ತೇನೆ ಅಂತ ಹೇಳ್ತಿದ್ದಾನೆ ಅಕ್ಕ. ನೀರಿನ ಟ್ಯಾಂಕರ್ ಓಡಿಸುವ ಕೆಲಸ."

"ಪುನಃ ಅಲ್ಲಿಗಾ? ನಿನ್ನ ಮೂಗು ಎಂತ ಹೇಳ್ತದೆ?"

"ಮೂಗಿನತ್ರ ಕೇಳ್ಲಿಲ್ಲ. ಹೆಂಡತಿಯತ್ರ ಕೇಳಿದೆ." ಸ್ವಲ್ಪ ನಕ್ಕ. "ಅವಳಿಗೆ ನಾನು ಹೋಗುದು ಇಷ್ಟ ಇಲ್ಲ. ನನಗೂ ಇಲ್ಲ. ಈ ಗಾಡಿ ಸರಿಯಾದ್ರೆ ನಾನು ಇಲ್ಲೇ ಇರ್ತೇನೆ. ಮಳೆ ಹಿಡಿಯುವ ಮೊದಲು ನೀವು ಒಂದು ಹೇಳ್ಬೇಕು. ದಾರಿಯಲ್ಲಿ ನಿಂತು ನಿಂತು ದಿನಕ್ಕೆ ಒಂದು ಲೋಡೂ ಆಗುದಿಲ್ಲ ಅಂದ್ರೆ ನಿಮಗೂ ಇಲ್ಲ, ನನಗೂ ಇಲ್ಲ."

"ಸರಿ ಮಾಡಿಸ್ತೇನೆ" ಎಂದೆ. ಗಾಡಿ ಹಳೆಯದಾದರೆ ಏನು, ನೀರು ಸೋರುವುದು ಒಂದು ರೋಗವೇ? ಅವನನ್ನು ಉಳಿಸಿಕೊಂಡರೆ ನನ್ನ ವ್ಯವಹಾರ ಉಳಿಯುತ್ತದೆ, ಅವನು ಮಕ್ಕಳ ಜತೆ ಇರುತ್ತಾನೆ. ಇದಕ್ಕಿಂತ ಒಳ್ಳೆಯ ಚೌಕಾಸಿ ನಾನು ಜೀವನದಲ್ಲಿ ಮಾಡಿದ್ದಿಲ್ಲ ಎಂದುಕೊಂಡೆ.

ಬಂಟ್ವಾಳದಲ್ಲಿ ರೇಡಿಯೇಟರ್ ಬೆಸುಗೆ ಹಾಕುವವನೊಬ್ಬನಿದ್ದಾನೆ. ಬಾಯಿಗಳನ್ನೆಲ್ಲ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಬಿಟ್ಟು, ಗುಳ್ಳೆ ಎದ್ದಲ್ಲಿ ಗುರುತು ಹಾಕುತ್ತಾನೆ. ನಮ್ಮದರಲ್ಲಿ ಗುಳ್ಳೆ ಏಳದ ಜಾಗ ಹುಡುಕುವುದೇ ಸುಲಭ ಎಂದ. ಮೇಲಿನ ತಟ್ಟೆ ಬಿಡಿಸಿದರೆ ಒಳಗೆ ಕೊಳವೆಗಳೇ ಕಾಣುತ್ತಿರಲಿಲ್ಲ. ಕೆಂಪು ಮಣ್ಣು, ಅರಶಿನ, ಹೊಗೆಸೊಪ್ಪು ಸೇರಿ ಗೋಡೆಗೆ ಸಾರಿಸಿದ ಹಾಗೆ ಗಟ್ಟಿಯಾಗಿತ್ತು. ಅವನು ಅದರಲ್ಲಿ ಒಂದು ಚೂರು ಕಿತ್ತು ಮೂಸಿ ನೋಡಿದ.

"ಯಾರು ಇದರೊಳಗೆ ಬೀಡಿ ಎಳೆದದ್ದು?"

ನಾನು ರೇಟಿನ ಮಾತಿಗೆ ಬಂದೆ. ಕೊಳವೆಗಳನ್ನೆಲ್ಲ ಹೊಲಸು ಕರಗಿಸುವ ಮದ್ದು ಹಾಕಿ ಕ್ಲೀನ್ ಮಾಡಿ ಬೆಸುಗೆ ಹಾಕಲು ಅವನು ಹೇಳಿದ್ದನ್ನು ನಾನು ಒಪ್ಪಲಿಲ್ಲ. ಎದ್ದು ಬಾಗಿಲವರೆಗೆ ಹೋದೆ, ಅವನು ಕರೆದ, ಬಂದು ಕೂತೆ, ಮತ್ತೆ ಎದ್ದೆ. ಕೊನೆಗೆ ಅವನು ರೇಟು ಇಳಿಸುವುದಿಲ್ಲ ಎಂದು ಹಟ ಹಿಡಿದಾಗ ಹೇಳಿದೆ: "ಆಯ್ತು, ನಿನ್ನ ರೇಟೇ ಆಗ್ಲಿ. ಆದ್ರೆ ಎಂಜಿನಿನ ಒಳಗೂ ಆ ಮದ್ದು ಹಾಕಿ ತೊಳೆದು ಕೊಡ್ಬೇಕು. ಅದಕ್ಕೆ ಬೇರೆ ಕೇಳ್ಬಾರ್ದು."

ಅವನು ಸೋತವನ ಮುಖ ಮಾಡಿ ಒಪ್ಪಿದ. ಲಾರಿಯನ್ನು ಅಲ್ಲಿಗೇ ಎಳೆಸಿ ತರಿಸಿ, ಬ್ಲಾಕ್ ಎನ್ನುವ ಎಂಜಿನಿನ ಕಬ್ಬಿಣದ ಒಡಲಿನೊಳಗೆ ಮದ್ದು ತುಂಬಿಸಿ, ಎಂಜಿನ್ ಓಡಿಸಿ, ಪೈಪು ಇಟ್ಟು ತೊಳೆದ. ಒಳಗಿನಿಂದ ಕಾಫಿ ಗಸಿಯಂಥದ್ದು ಬಕೆಟ್‌ಗಟ್ಟಲೆ ಬಂತು. ತೊಳೆದು ತೊಳೆದು ಕೊನೆಗೆ ಒಳಗೆ ಹೋದ ನೀರು ಹಾಗೆಯೇ ತಿಳಿಯಾಗಿ ಹೊರಗೆ ಬಂದಾಗ ನಾನು ಡ್ರೈವರನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಆ ದಿನ ರೇಡಿಯೇಟರ್ ಕೂರಿಸಿ ಬರುವಾಗ ಗುರುವಾಯನಕೆರೆಯವರೆಗೂ ಮುಳ್ಳು ಅಲ್ಲಾಡಲಿಲ್ಲ. ಅಂಗಡಿಯಲ್ಲಿ ಹಸಿರು ಕೂಲೆಂಟಿನ ಡಬ್ಬಿಯನ್ನೂ ಕೊಂಡೆ. ನನ್ನ ಜೀವಮಾನದ ಮೊದಲ ಡಬ್ಬಿ.

ಎರಡು ಲೋಡ್ ಆಗಿರಬಹುದು. ಕೊಕ್ಕಡಕ್ಕೆ ಹೋಗುವ ದಾರಿಯಲ್ಲಿ ಎಂಜಿನಿನ ಬದಿಯಿಂದ ಹಸಿರು ನೀರು ಚಿಮ್ಮಿತು. ಒಂದೇ ಕಡೆಯಿಂದ ಅಲ್ಲ. ಬ್ಲಾಕಿನ ಬದಿಯಲ್ಲಿ ತೂತು ಮುಚ್ಚಲು ದೊಡ್ಡ ನಾಣ್ಯದ ಹಾಗೆ ತಗಡಿನ ಬಿರಡೆಗಳಿರುತ್ತವೆ. ಅವು ಯಾವಾಗಲೋ ತುಕ್ಕು ಹಿಡಿದು ಜರಡಿಯಾಗಿದ್ದವು. ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ಒಳಗಿನ ಆ ಹೊಲಸು. ಅದನ್ನು ನಾವು ತೊಳೆದು ಬಿಟ್ಟಿದ್ದೆವು.

"ಮೈತುಂಬ ತೇಪೆ ಇದ್ದ ಅಂಗಿಯನ್ನು ಬ್ರಶ್ ಹಾಕಿ ಒಗೆದ ಹಾಗಾಯ್ತು" ಎಂದ ಮೇಸ್ತ್ರಿ. "ತೊಳೀಲಿಕ್ಕೆ ಯಾರು ಹೇಳಿದ್ದು?"

"ತೊಳೆಯದಿದ್ರೆ ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ನೇ ಹಿಡೀತಿತ್ತು" ಎಂದೆ. ಈಗಲೂ ನನ್ನ ಅಭಿಪ್ರಾಯ ಅದೇ. ತೊಳೆದರೂ ಹೋಗುತ್ತಿತ್ತು, ತೊಳೆಯದಿದ್ದರೂ ಹೋಗುತ್ತಿತ್ತು. ಆದರೆ ಕೇಳುವವರಿಗೆ ನಾನು ಬುದ್ಧಿ ಹೇಳುವುದು ಬೇರೆ: ಅಷ್ಟು ಹಳೆಯದಾದರೆ ಒಳಗಿನದನ್ನು ಕೆದಕಲು ಹೋಗಬೇಡಿ. ಬಿಟ್ಟಿ ಸಿಕ್ಕಿದರೂ ಬೇಡ.

ಬಿರಡೆಗಳನ್ನೆಲ್ಲ ಬದಲಿಸಿದೆವು. ಒಂದು ಬಿರಡೆ ಸೈಲೆನ್ಸರ್ ಪೈಪಿನ ಹಿಂದೆ ಇತ್ತು. ಅದಕ್ಕಾಗಿ ಅರ್ಧ ಎಂಜಿನ್ ಬಿಚ್ಚಬೇಕಾಯಿತು. ಈಗ ರಟ್ಟು ಒಣಗಿಯೇ ಇತ್ತು. ಎಷ್ಟು ದಿನ ಹಾಸಿದರೂ ಒಂದು ಹನಿ ಇಲ್ಲ. ಆದರೆ ರೇಡಿಯೇಟರಿನಲ್ಲಿ ನೀರೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಹೊರಗೆ ಬಿದ್ದ ನೀರನ್ನು ಹುಡುಕಬಹುದು. ಒಳಗೆ ಹೋದದ್ದನ್ನು ಎಲ್ಲಿ ಎಂದು ಹುಡುಕುವುದು? ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೆ ಹೋಗಿದೆ. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ಬರುತ್ತಿದೆ. ನಮ್ಮದರಲ್ಲಿ ಎರಡೂ ಇತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದ ಮೇಸ್ತ್ರಿ; ಎಂಜಿನಿನ ತಲೆಗೂ ಬ್ಲಾಕಿಗೂ ನಡುವೆ ಇರುವ ಹಾಳೆ ಅದು. ಹೆಡ್ ಬಿಚ್ಚಿ, ಮಂಗಳೂರಿಗೆ ಕಳಿಸಿ, ಸಮತಟ್ಟು ಉಜ್ಜಿಸಿ ತಂದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ. ಕೆಲವು ವಾರ ಓಡಿತು. ವೀಸಾ ಬೇಡ ಎಂದು ಭಾವನಿಗೆ ತಿಳಿಸಲು ಡ್ರೈವರ್ ಹೇಳಿದ್ದಾನೆಂದು ಅವನ ಹೆಂಡತಿಯೇ ನನಗೆ ಹೇಳಿದಳು, ಒಂದು ತಟ್ಟೆ ನೀರ್‌ದೋಸೆ ತಂದುಕೊಟ್ಟು. ಒಂದೂ ಬಿಡದೆ ತಿಂದು ತಟ್ಟೆ ತೊಳೆದು ಕೊಟ್ಟೆ.

ಗುಳ್ಳೆ ಪುನಃ ಬಂತು. ಈ ಸಲ ಮೇಸ್ತ್ರಿ ತಮಾಷೆ ಮಾಡಲಿಲ್ಲ. ಪುನಃ ಹೆಡ್ ಬಿಚ್ಚಿ, ಬ್ಯಾಟರಿ ಲೈಟು ಹಿಡಿದು ಬ್ಲಾಕಿನೊಳಗೆ ಒಂದು ಕಡೆ ತೋರಿಸಿದ. ಕೂದಲಿನಷ್ಟು ಸಣ್ಣ ಗೆರೆ.

"ಬ್ಲಾಕ್ ಒಡೆದಿದೆ ಅಕ್ಕ. ಇನ್ನು ಯಾರೂ ಎಂತದೂ ಮಾಡ್ಲಿಕ್ಕಿಲ್ಲ."

"ಬೇರೆ ಬ್ಲಾಕ್?"

"ಈ ಮಾಡೆಲಿಗೆ ಹೊಸದು ಬರುದಿಲ್ಲ. ಗುಜರಿಯಲ್ಲಿ ಸಿಕ್ಕಿದ್ರೆ ನಿಮ್ಮ ಅದೃಷ್ಟ."

ಮೂಡುಬಿದಿರೆಯ ಹೊರಗಿನ ಗುಜರಿಯಲ್ಲಿ ಒಂದು ಸಿಕ್ಕಿತು. ಗುಜರಿಯವನು ಅದನ್ನು ಒರಸಿ, ಬಣ್ಣ ಹೊಡೆದು, ಮದುಮಗಳ ಹಾಗೆ ಕೂರಿಸಿದ್ದ. ನಾನು ರೇಟು ಎಷ್ಟು ಇಳಿಸಿದೆನೆಂದರೆ ಅವನು ಕೈ ಮುಗಿದ. ದುಡ್ಡು ಕೊಡುವ ಮೊದಲು ಅದರೊಳಗೆ ಡೀಸೆಲ್ ತುಂಬಿಸಿ ಮರುದಿನ ಬಂದು ನೋಡುತ್ತೇನೆ ಎಂದೆ. ಡೀಸೆಲಿಗೆ ನೀರಿಗಿಂತ ಸಣ್ಣ ದಾರಿ ಸಾಕು. ಮರುದಿನ ನೋಡಿದರೆ ಬಣ್ಣದ ಮೇಲೆ ಒದ್ದೆ ಗೆರೆ, ನಮ್ಮದರಲ್ಲಿ ಎಲ್ಲಿ ಇತ್ತೋ ಹೆಚ್ಚುಕಮ್ಮಿ ಅಲ್ಲಿಯೇ. ನಾನು ಮೋಸ ಹೋಗಲಿಲ್ಲ. ಬ್ಲಾಕೂ ಸಿಗಲಿಲ್ಲ.

ಆಮೇಲೆ ನಾವು ನೀರು ಹಾಕುತ್ತ ಓಡಿಸಿದೆವು. ಬೇರೇನು ಮಾಡುವುದು? ಕ್ಯಾಬಿನಿನಲ್ಲಿ ನನ್ನ ಕಾಲ ಬಳಿ ಕ್ಯಾನುಗಳು. ಗುರುವಾಯನಕೆರೆಯಿಂದ ಮೂಡುಬಿದಿರೆಯ ತನಕದ ದಾರಿ ನನಗೆ ಊರಿನ ಹೆಸರಿನಿಂದ ಅಲ್ಲ, ನೀರಿನಿಂದ ಗೊತ್ತು. ಮಸೀದಿಯ ತೊಟ್ಟಿ, ಹೋಟೆಲಿನ ಹಿಂದಿನ ನಲ್ಲಿ, ವೇಣೂರು ದಾಟಿದ ಮೇಲೆ ಒಂದು ಮನೆಯ ಬಾವಿ. ಆ ಮನೆಯ ಹೆಂಗಸು ಗೇಟಿನ ಬಳಿ ಮಲ್ಲಿಗೆ ಗಿಡ ನೆಟ್ಟಿದ್ದಳು. ನಮ್ಮ ಹಾರ್ನ್ ಕೇಳಿದರೆ ಸಾಕು, ಒಳಗಿನಿಂದಲೇ ಸುರು ಮಾಡುತ್ತಿದ್ದಳು.

"ಬಂದಿರಾ? ನಿಮ್ಮ ಲಾರಿಗೆ ಎಂತ, ಸಕ್ಕರೆ ಕಾಯಿಲೆಯಾ ಇಷ್ಟು ನೀರು ಕುಡೀಲಿಕ್ಕೆ?"

"ಒಂದೇ ಕ್ಯಾನ್ ಅಕ್ಕ" ಎನ್ನುತ್ತಿದ್ದ ಡ್ರೈವರ್.

"ಒಂದೇ ಕ್ಯಾನ್ ಒಂದೇ ಕ್ಯಾನ್ ಅಂತ ಬಾವಿಯ ತಳ ಕಾಣ್ತಾ ಉಂಟು. ನನ್ನ ಮಲ್ಲಿಗೆಗೆ ನಾನು ಅಕ್ಕಿ ತೊಳೆದ ನೀರು ಹಾಕುದು, ಗೊತ್ತುಂಟಾ?" ಹೀಗೆ ಬೈಯುತ್ತಲೇ ಹಗ್ಗ ಕೈಗೆ ಕೊಡುತ್ತಿದ್ದಳು. ಬೇಸಿಗೆ ಏರಿದಂತೆ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಬೇಕಾಯಿತು.

ಮೊದಲ ಗುಡುಗು ಕೇಳಿದ ದಿನ ಡ್ರೈವರ್ ಮನೆಗೆ ಬಂದು ಜಗಲಿಯಲ್ಲಿ ಕೂತ. ಕೇಳಲಿಲ್ಲ. ನಾನೇ ಹೇಳಿದೆ.

"ಆಗುದಿಲ್ಲ. ನೀನು ಭಾವನಿಗೆ ಫೋನ್ ಮಾಡು."

"ಮಾಡಿದ್ದೇನೆ ಅಕ್ಕ" ಎಂದ. ನೆಲ ನೋಡುತ್ತ ಮತ್ತೆ ಹೇಳಿದ: "ಅಲ್ಲಿ ಒಂದು ಲಾಭ ಉಂಟು. ಗಾಡಿಯ ಹಿಂದೆಯೇ ನೀರು ಇರ್ತದೆ. ಯಾರ ಗೇಟೂ ತಟ್ಟುದು ಬೇಡ."

ನಾನು ನಗಬೇಕಿತ್ತು.

ಮೂಡುಬಿದಿರೆಯ ಆ ಗುಜರಿಯವನು ಲಾರಿ ತಗೊಳ್ಳುತ್ತೇನೆಂದಿದ್ದ. ಎಳೆಸಿಕೊಂಡು ಬಂದ ಗಾಡಿಗಿಂತ ತಾನೇ ಓಡಿ ಬಂದದ್ದಕ್ಕೆ ರೇಟು ಜಾಸ್ತಿ. ಇದನ್ನು ಎಲ್ಲರೂ ತಿಳಿದಿರಬೇಕು. ಹಾಗಾಗಿ ಗಲ್ಫಿಗೆ ಹೊರಡುವ ವಾರ ಡ್ರೈವರ್ ಬಂದು ಕೊನೆಯ ಸಲ ಸ್ಟಾರ್ಟ್ ಮಾಡಿದ. ಮಸೀದಿಯ ತೊಟ್ಟಿಯಲ್ಲಿ ಒಮ್ಮೆ, ಹೋಟೆಲಿನ ಹಿಂದೆ ಒಮ್ಮೆ ನಿಲ್ಲಿಸಿದೆವು. ವೇಣೂರು ದಾಟಿದ ಮೇಲೆ ಹಾರ್ನ್ ಹೊಡೆದರೆ ಆ ಹೆಂಗಸು ಬೈಯಲಿಲ್ಲ. ಬಕೆಟಿನಲ್ಲಿ ನೀರು ತುಂಬಿಸಿ ಗೇಟಿನ ಬಳಿ ಮೊದಲೇ ಇಟ್ಟಿದ್ದಳು.

"ರಾತ್ರಿ ಮಳೆ ಬಂತಲ್ಲ" ಎಂದಳು. "ಬಾವಿಗೆ ಸ್ವಲ್ಪ ಆಗಿದೆ. ವಾಪಸು ಬರುವಾಗಲೂ ಬೇಕಲ್ವಾ? ಇಟ್ಟಿರ್ತೇನೆ, ನಾನು ಮನೆಯಲ್ಲಿ ಇರುದಿಲ್ಲ. ತೆಗೆದುಕೊಂಡು ಹೋಗಿ."

ಡ್ರೈವರ್ ನನ್ನ ಕಡೆ ನೋಡಿದ.

"ಹ್ಞಾಂ, ಇಡಿ" ಎಂದೆ.

ಗುಜರಿಯಲ್ಲಿ ಎಂಜಿನ್ ನಿಲ್ಲಿಸುವ ಮೊದಲೇ ಮುಳ್ಳು ತುದಿಯಲ್ಲಿತ್ತು. ಗುಜರಿಯವನು ಬಗ್ಗಿ ನೋಡಿ, "ಹಬೆ ಬರ್ತಾ ಉಂಟಲ್ಲಕ್ಕ, ನೀರೇ ನಿಲ್ಲುದಿಲ್ಲ ಇದರಲ್ಲಿ" ಎಂದು ರೇಟು ಇಳಿಸಲು ನೋಡಿದ.

"ನೀನು ತೂಕಕ್ಕೆ ತಗೊಳ್ಳುದಲ್ವಾ? ನೀರು ಹೋದ್ರೆ ನಿನಗೇ ಲಾಭ. ತುಂಬಿಸಿ ತಂದಿದ್ರೆ ಎಂತ ಮಾಡ್ತಿದ್ದೆ?" ಎಂದೆ. ಸುತ್ತ ಇದ್ದವರು ನಕ್ಕರು. ನಾನು ಹೇಳಿದ ರೇಟೇ ಆಯಿತು.

ಇನ್ನೊಂದು ಮಾತು, ಲಾರಿ ಗುಜರಿಗೆ ಹಾಕುವವರಿಗೆ. ಚಾಸಿಸ್ ನಂಬರ್ ಇರುವ ತುಂಡನ್ನು ನಿಮ್ಮ ಎದುರೇ ಕತ್ತರಿಸಿ ಇಸಿದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ನಂಬರ್ ಬೇರೆ ಯಾವುದೋ ಗಾಡಿಯಲ್ಲಿ ಓಡುತ್ತಿರುತ್ತದೆ. ನಾನು ಎದುರು ನಿಂತು ಕತ್ತರಿಸಿಕೊಂಡೆ. ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿದ ಕಬ್ಬಿಣ ಬಿಸಿಯಾಗಿತ್ತು. ಡ್ರೈವರ್ ಅದರ ಮೇಲೆ ಕ್ಯಾನಿನಲ್ಲಿ ಉಳಿದಿದ್ದ ನೀರು ಹೊಯ್ದ, ಗೋಣಿಯಲ್ಲಿ ಸುತ್ತಿದ, ಖಾಲಿ ಕ್ಯಾನುಗಳನ್ನು ಹಗ್ಗದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡ.

ಬಸ್ಸಿನಲ್ಲಿ ಅವನು ಕಿಟಕಿಯ ಬಳಿ ಕೂತ. ಕಂಡಕ್ಟರ್ ಕ್ಯಾನುಗಳನ್ನು ನೋಡಿ, "ಇವಕ್ಕೂ ಟಿಕೇಟು ಮಾಡ್ಬೇಕಾ?" ಎಂದು ತಮಾಷೆ ಮಾಡಿದ. ಡ್ರೈವರ್ ಅವನ್ನು ಸೀಟಿನ ಅಡಿಗೆ ತಳ್ಳಿದ.

ವೇಣೂರು ಬರುವುದಕ್ಕೆ ಮೊದಲು ಆ ಮನೆ. ಗೇಟು ಹಾಕಿತ್ತು. ಗೇಟಿನ ಹೊರಗೆ ಬಕೆಟ್ ಇತ್ತು, ಮೇಲೆ ಅಡಿಕೆಯ ಒಂದು ಹಾಳೆತಟ್ಟೆ ಮುಚ್ಚಿ, ಅದು ಹಾರದ ಹಾಗೆ ಕಲ್ಲು ಇಟ್ಟಿದ್ದಳು. ಬಸ್ಸಿಗೆ ಅಲ್ಲಿ ಸ್ಟಾಪ್ ಇರಲಿಲ್ಲ.

ಡ್ರೈವರ್ ಕತ್ತು ತಿರುಗಿಸಿ, ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

"ಸಂಜೆ ಬಂದು ಮಲ್ಲಿಗೆಗೆ ಹೊಯ್ತಾರೆ" ಎಂದ.

"ಹ್ಞಾಂ, ಹೊಯ್ತಾರೆ" ಎಂದೆ ನಾನು.